ರಬ್ಬರಿಗೆ ಹೋಗಿ ರಗ್ಬಿ ಕಲಿತದ್ದು

ಪಿ.ಟಿ. ಟೀಚರ್ ಆಗಿ ಹೊಸದಾಗಿ ಸೇರಿದ ಮಕ್ಕಳು ಆಗಾಗ ನನ್ನನ್ನು ಹುಡುಕಿಕೊಂಡು ಐವರ್ನಾಡಿನ ಮನೆಗೆ ಬರುತ್ತಾರೆ. ಟ್ರ್ಯಾಕಿಗೆ ಸುಣ್ಣದ ಗೆರೆ ಹಾಕುವುದು ಹೇಗೆ, ಮಕ್ಕಳನ್ನು ರಾಜ್ಯಮಟ್ಟಕ್ಕೆ ಮುಟ್ಟಿಸುವುದು ಹೇಗೆ ಎಂದು ಕೇಳುತ್ತಾರೆ. ಗೆರೆ ಹಾಕಲು ಹಗ್ಗ, ಗೂಟ ಇದ್ದರೆ ಸಾಕು. ಈ ಕೆಲಸದಲ್ಲಿ ನಿಜವಾಗಿ ಕಲಿಯಬೇಕಾದದ್ದು ಬೇರೆಯವರ ಜಗಲಿಯಲ್ಲಿ ಕೂತು ಚಾ ಕುಡಿಯುವುದನ್ನು. ಮನೆಯವರು ಮನಸ್ಸು ಬದಲಿಸುವವರೆಗೆ ಆ ಲೋಟ ಖಾಲಿಯಾಗಬಾರದು. ಇದನ್ನು ಟ್ರೈನಿಂಗ್ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ.

ನೆರೆಕರೆಯವರದ್ದು ಇನ್ನೊಂದು ಪ್ರಶ್ನೆ. “ಟೀಚರ್, ಈ ರಗ್ಬಿಯಲ್ಲಿ ನಮ್ಮ ಭಾರತ ಯಾವಾಗಾದ್ರೂ ಮೇಲೆ ಬರುದುಂಟಾ?” ತಿಳಿದವರು ಇದಕ್ಕೆ ಮೈಕಟ್ಟು, ದುಡ್ಡು, ಮೈದಾನ, ಸರಕಾರ ಎಂದೆಲ್ಲ ಉತ್ತರ ಕೊಡುತ್ತಾರೆ. ನನಗೆ ಅಷ್ಟು ದೊಡ್ಡ ಬುದ್ಧಿ ಇಲ್ಲ. ನಾನು ರಿಟೈರ್ ಆದ ವರ್ಷ ಭಾರತದ ರಗ್ಬಿಯ ಭವಿಷ್ಯವೆಲ್ಲ ಮರ್ಕಂಜದಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸಿನ ಕೈಯಲ್ಲಿತ್ತು. ಹೆಸರು ಲೀಲಾವತಿ, ನಮಗೆಲ್ಲ ಲೀಲಕ್ಕ. ಅವರ ಮಗಳು ದೀಕ್ಷಾ ಆಡಬೇಕೋ ಬೇಡವೋ ಎಂಬುದನ್ನು ಅವರು ಹೇಳಬೇಕಿತ್ತು, ಅವರು ಹೇಳುತ್ತಿರಲಿಲ್ಲ. ಅದನ್ನು ಹೇಳುವ ಮೊದಲು ನಾನು ಈ ಆಟಕ್ಕೆ ಹೇಗೆ ಬಿದ್ದೆ ಎಂದು ಹೇಳಬೇಕು.

ನಾನು ರಗ್ಬಿಗೆ ಬಂದದ್ದು ರಬ್ಬರಿನ ದಾರಿಯಲ್ಲಿ. ಆಗ ಕಡಬದ ಕಡೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿದ್ದೆ. ನಮ್ಮ ಹೆಡ್‌ಮಾಸ್ಟ್ರು ಬಹಳ ಸಾಧು, ಕಿವಿ ಮಾತ್ರ ಸ್ವಲ್ಪ ಮಂದ. ಶಾಲೆಯಲ್ಲಿ ಫೋನಿನ ಸಿಗ್ನಲ್ ಸಿಗುತ್ತಿದ್ದದ್ದು ಬಿಸಿಯೂಟದ ಕೋಣೆಯ ಹಿಂದೆ ಮಾತ್ರ, ಅಲ್ಲಿ ಕುಕ್ಕರಿನ ಸೀಟಿ ಬೇರೆ. ಒಂದು ದಿನ ಅಲ್ಲಿಂದ ಬಂದವರೇ ನನ್ನನ್ನು ಕರೆದರು.

“ಸುಗುಣ ಟೀಚರ್, ಮಂಗಳೂರಲ್ಲಿ ರಬ್ಬರ್ ತರಬೇತಿ ಉಂಟಂತೆ. ನಿಮ್ಮನ್ನು ಕಳಿಸ್ಬೇಕಂತೆ.”

“ರಬ್ಬರಿಗೆ ಪಿ.ಟಿ. ಟೀಚರ್ ಎಂತಕ್ಕೆ ಸರ್?”

“ನಿಮ್ಮ ತೋಟದಲ್ಲಿ ರಬ್ಬರ್ ಉಂಟಲ್ಲ ಮಾರಾಯ್ರೆ, ಅದಕ್ಕೇ ಇರ್ಬೇಕು. ಎಂತಕ್ಕೂ ಒಂದು ಕತ್ತಿ ತಗೊಂಡು ಹೋಗಿ.”

ನನಗೆ ಸಂಶಯವೇ ಬರಲಿಲ್ಲ. ಜಂತುಹುಳದ ಮಾತ್ರೆ ಕೊಡುವುದು, ಓಟಿನ ಡ್ಯೂಟಿ, ನೀರಿನ ಟ್ಯಾಂಕ್ ತೊಳೆಸುವುದು, ಶಾಲೆಗೆ ನುಗ್ಗಿದ ದನ ಅಟ್ಟುವುದು, ಹೀಗೆ ಯಾರ ಪಾಲಿಗೂ ಬಾರದ್ದೆಲ್ಲ ಪಿ.ಟಿ. ಟೀಚರ ಪಾಲಿಗೆ ಬರುತ್ತದೆ. ಆ ಸಾಲಿಗೆ ರಬ್ಬರೂ ಸೇರಿತು ಎಂದುಕೊಂಡು, ರಬ್ಬರ್ ಹಾಲು ತಾಗಿ ಹಾಳಾದರೂ ಅಡ್ಡಿಯಿಲ್ಲ ಎಂಬಂಥ ಹಳೆಯ ಚೂಡಿದಾರ ಹಾಕಿ, ಮರದ ತೊಗಟೆ ಕೊರೆಯುವ ಟ್ಯಾಪಿಂಗಿನ ಕತ್ತಿಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿ ಬಸ್ಸು ಹತ್ತಿದೆ. ಅಲ್ಲಿ ನೋಡಿದರೆ ಮರ ಒಂದೂ ಇಲ್ಲ, ದೊಡ್ಡ ಮೈದಾನ. ಹಿಂದಿ ಮಾತಾಡುವ ಎಳೆಯ ಕೋಚ್ ಒಬ್ಬ ಎಲ್ಲರ ಕಿಟ್ ತೋರಿಸಲು ಹೇಳಿದ. ನಾನು ಪೇಪರ್ ಬಿಡಿಸಿ ಕತ್ತಿ ತೋರಿಸಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, “ಮೇಡಂ, ಇಸ್ ಗೇಮ್ ಮೇ ಇಸ್ಕೀ ಜರೂರತ್ ನಹೀ ಹೈ”, ಈ ಆಟಕ್ಕೆ ಇದು ಬೇಡ ಎಂದ. ತರಬೇತಿ ಮುಗಿಯುವವರೆಗೂ ನನ್ನ ತಪ್ಪು ತಿದ್ದಬೇಕಾದರೆ ದೂರದಿಂದಲೇ ತಿದ್ದುತ್ತಿದ್ದ.

ಆಟ ಮಾತ್ರ ನನಗೆ ಒಂದೇ ನೋಟಕ್ಕೆ ಹಿಡಿಸಿತು. ಇದರಲ್ಲಿ ಹದಿನೈದು ಜನರದ್ದೂ ಉಂಟು, ಏಳು ಜನರದ್ದೂ ಉಂಟು. ಬಾಲನ್ನು ಕೈಯಲ್ಲಿ ಹಿಡಿದು ಎದುರಿನವರ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು. ಜೊತೆಯವಳಿಗೆ ಕೈಯಿಂದ ಕೊಡುವುದಾದರೆ ಹಿಂದಕ್ಕೆ ಮಾತ್ರ ಕೊಡಬಹುದು, ಮುಂದಕ್ಕೆ ಕೊಡುವ ಹಾಗಿಲ್ಲ. ಬಾಲ್ ಹಿಡಿದು ಓಡುವವಳನ್ನು ಎದುರಿನವರು ಹಿಡಿದು ಬೀಳಿಸಬಹುದು. ಏಳು ಜನ, ಬಂದವಳನ್ನು ಹಿಡಿಯುವುದು! ಇದು ನಮ್ಮ ಕಬಡ್ಡಿಯೇ, ಕೈಗೆ ಒಂದು ಬಾಲ್ ಕೊಟ್ಟಿದ್ದಾರೆ ಅಷ್ಟೆ ಎಂದು ಖುಷಿಯಲ್ಲಿ ಊರಿಗೆ ಬಂದೆ. ಈ ಖುಷಿ ಮುಂದೆ ನನ್ನನ್ನು ಚೆನ್ನಾಗಿ ಆಟ ಆಡಿಸಿತು.

ಮೊದಲ ತಾಪತ್ರಯ ಬಾಲಿನದ್ದೇ. ತರಬೇತಿಯವರು ಕಳಿಸಿದ ಪಾರ್ಸೆಲ್ ಬಿಚ್ಚಿದ ಹೆಡ್‌ಮಾಸ್ಟ್ರು, “ಛೆ, ದಾರಿಯಲ್ಲಿ ಒತ್ತಿ ಹೋಗಿದೆ. ಹಿಂದೆ ಕಳಿಸಿ” ಎಂದರು. ಅದರ ಆಕಾರವೇ ಮೊಟ್ಟೆಯ ಹಾಗೆ ಎಂದು ನಾನು ಹೇಳುವಷ್ಟರಲ್ಲಿ ಅಟೆಂಡರ್ ಮೋನಪ್ಪಣ್ಣ ಅದನ್ನು ಎತ್ತಿಕೊಂಡು ಹೋಗಿ ಆಗಿತ್ತು. ಸೈಕಲ್ ಪಂಪು ಇಟ್ಟು ಗಾಳಿ ಹೊಡೆದರು, ನೋಡಿದರು, ಇನ್ನೂ ಹೊಡೆದರು. ಗಾಳಿ ಕಡಿಮೆಯಾಗಿ ಹಾಗಾಗಿದೆ, ತುಂಬಿಸಿದರೆ ಉರುಟು ಬಂದೀತು ಎಂದು ಅವರ ಲೆಕ್ಕ. ಅದು ಉರುಟಾಗಲಿಲ್ಲ, ಒಡೆಯಿತು. ಸದ್ದಿಗೆ ಒಂಬತ್ತನೇ ತರಗತಿಯವರು ಪಟಾಕಿ ಎಂದು ಹೊರಗೆ ಓಡಿ ಬಂದರು. ಎರಡನೆಯ ಬಾಲ್ ಬಂದಾಗ ಅದನ್ನು ನಾನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಅಷ್ಟರಲ್ಲಿ ನನಗೆ ಸುಳ್ಯದ ಕಡೆಗೆ ವರ್ಗವಾಯಿತು, ಬಾಲೂ ನನ್ನೊಟ್ಟಿಗೆ ಬಂತು. ಅಲ್ಲಿ ಸಿಕ್ಕಿದವಳೇ ದೀಕ್ಷಾ. ಎಂಟನೇ ತರಗತಿ, ಹಂಚಿಕಡ್ಡಿಯ ಹಾಗೆ ಸಪೂರ, ಆದರೆ ಕಬಡ್ಡಿಯಲ್ಲಿ ಅವಳು ಕಾಲು ಹಿಡಿದರೆ ಹಿಡಿದದ್ದೇ. ಅವಳನ್ನೂ ಅವಳ ಕಬಡ್ಡಿ ತಂಡವನ್ನೂ ಇಡಿಯಾಗಿ ರಗ್ಬಿಗೆ ಇಳಿಸಿದೆ. ಮೊದಲ ದಿನವೇ ದೀಕ್ಷಾ ಬಾಲ್ ಹಿಡಿದು ಗಾಳಿಯ ಹಾಗೆ ಓಡಿದಳು. ಎದುರಿಗೆ ಒಬ್ಬಳು ಬಂದಳು. ಇವಳು ಅವಳ ಭುಜಕ್ಕೆ ಒಂದು ಸಲ ಮುಟ್ಟಿದವಳೇ ತಿರುಗಿ, ಅದಕ್ಕಿಂತ ಜೋರಾಗಿ ನಮ್ಮದೇ ಗೆರೆಗೆ ಓಡಿ ಬಂದು, ತೊಡೆ ತಟ್ಟಿ ನಿಂತಳು. ಉಳಿದವರೆಲ್ಲ ಚಪ್ಪಾಳೆ ಹೊಡೆದರು. ಮುಟ್ಟಿ ಬಂದರೆ ಪಾಯಿಂಟ್ ಎಂಬುದು ಅವರ ರಕ್ತದಲ್ಲಿತ್ತು.

ಅದಕ್ಕಿಂತ ಕಷ್ಟವಾದದ್ದು ಬಿಡಿಸುವುದು. ರಗ್ಬಿಯಲ್ಲಿ ಬೀಳಿಸಿದ ಕೂಡಲೇ ಬಿಟ್ಟುಬಿಡಬೇಕು, ಅದು ನಿಯಮ. ನಮ್ಮವರು ಬಿಡುತ್ತಲೇ ಇರಲಿಲ್ಲ. ವಿಸಿಲ್ ಊದಿ ಊದಿ ನನ್ನ ಗಂಟಲು ಒಣಗಿತು.

“ಬಿಡೇ, ಬಿದ್ದಾಯ್ತು ಅವಳು!”

“ಹಿಡಿದದ್ದನ್ನು ಬಿಡುದು ಎಂತಕ್ಕೆ ಟೀಚರ್?” ದೀಕ್ಷಾ ನೆಲದಲ್ಲಿ ಬಿದ್ದುಕೊಂಡೇ, ಪಾಪದ ಹುಡುಗಿಯ ಕಾಲನ್ನು ತಬ್ಬಿಕೊಂಡೇ ಕೇಳುತ್ತಿದ್ದಳು. “ಬಿಟ್ರೆ ಓಡ್ತಾಳಲ್ಲ?”

ನಿಯಮ ಹಾಗೆ ಉಂಟು, ಬಿಡು ಎಂದೆ. ಈಗಿನವರು ನ್ಯೂಜಿಲೆಂಡಿನ ಆಟವನ್ನು ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಿ ಕಲಿಸುತ್ತಾರೆ. ನನ್ನ ಹತ್ತಿರ ಇದ್ದದ್ದು ವಿಸಿಲ್, ಬಾಯಿ ಮತ್ತು ಕಬಡ್ಡಿಯ ಅನುಭವ. ಮೂರರಲ್ಲಿ ಬಾಯಿಯೇ ನನ್ನ ಮರ್ಯಾದೆ ತೆಗೆದದ್ದು.

ಆ ಕತೆ ಪುತ್ತೂರಿನದ್ದು. ಬೇರೆ ಜಿಲ್ಲೆಯ ತಂಡದೊಟ್ಟಿಗೆ ನಮ್ಮ ಮೊದಲ ದೊಡ್ಡ ಪಂದ್ಯ. ಪಾಯಿಂಟ್ ಸಮ ಸಮ ಇತ್ತು, ಸಮಯ ಮುಗಿಯುತ್ತಾ ಬಂದಿತ್ತು. ಎದುರಿನ ತಂಡದ ಎತ್ತರದ ಹುಡುಗಿಯೊಬ್ಬಳ ಕೈಯಿಂದ ದೀಕ್ಷಾ ಬಾಲನ್ನು ಕಿತ್ತುಕೊಂಡಳು. ದೀಕ್ಷಾಳ ಹಿಂದೆ ಓರೆಯಲ್ಲಿ ನಮ್ಮವಳೊಬ್ಬಳು ಖಾಲಿ ನಿಂತಿದ್ದಾಳೆ, ಅವಳ ಮುಂದೆ ತಡೆಯುವವರು ಯಾರೂ ಇಲ್ಲ. ಹಿಂದಕ್ಕೆ ಕೊಟ್ಟರೆ ಪಂದ್ಯ ನಮ್ಮದು. ಅಭ್ಯಾಸದಲ್ಲಿ ನಾನು “ಪಾಸ್ ಬ್ಯಾಕ್” ಎಂದೇ ಹೇಳುತ್ತಿದ್ದೆ. ಆದರೆ ಆ ಗಡಿಬಿಡಿಗೆ ಇಂಗ್ಲಿಷ್ ಎಲ್ಲಿ ಬರುತ್ತದೆ? ಗೆರೆಯ ಹೊರಗಿನಿಂದ ತುಳುವಿನಲ್ಲೇ ಬೊಬ್ಬೆ ಹೊಡೆದೆ: “ಪಿರ ಕೊರ್ಲ! ಪಿರ ಕೊರ್ಲ!”

ಹಿಂದಕ್ಕೆ ಕೊಡು ಎಂದು ನನ್ನ ಅರ್ಥ. ಆದರೆ ತುಳುವಿನಲ್ಲಿ ಯಾರಾದರೂ ಮಗುವಿಗೆ “ಪಿರ ಕೊರ್ಲ” ಎಂದರೆ, ಯಾರದ್ದೋ ವಸ್ತು ತೆಗೆದಿದ್ದಿ, ಅವರಿಗೇ ವಾಪಸ್ ಕೊಡು ಎಂದು ಅರ್ಥ. ದೀಕ್ಷಾ ಓಟ ನಿಲ್ಲಿಸಿದಳು. ನನ್ನನ್ನು ನೋಡಿದಳು. ಮುಖ ಸಣ್ಣದಾಯಿತು. ಆಮೇಲೆ ಆ ಎತ್ತರದ ಹುಡುಗಿಯ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಬಾಲ್ ಹಿಡಿದು, “ತಗೊಳ್ಳಿ” ಎಂದು ವಿನಯದಲ್ಲಿ ಕೊಟ್ಟಳು. ಆ ಹುಡುಗಿಗೆ ಒಂದು ಗಳಿಗೆ ನಂಬಿಕೆಯೇ ಬರಲಿಲ್ಲ. ಬಂದ ಮೇಲೆ ಓಡಿ ಹೋಗಿ ಗೆರೆ ದಾಟಿದಳು.

ಪಂದ್ಯ ಹೋಯಿತು. ನಾನು ಮುಖ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದೆ. ದೀಕ್ಷಾ ಬಂದು ಅಳುದನಿಯಲ್ಲಿ ಹೇಳಿದಳು: “ನಾನು ಕದ್ದದ್ದಲ್ಲ ಟೀಚರ್, ಅವಳ ಕೈಯಿಂದ ಸರಿಯಾಗಿಯೇ ತೆಗೆದದ್ದು. ನೀವು ಎಂತಕ್ಕೆ ಕೊಡ್ಲಿಕ್ಕೆ ಹೇಳಿದ್ದು?”

ಬಸ್ಸಿನಲ್ಲಿ ವಾಪಸ್ ಬರುವಾಗ ಎಲ್ಲರೂ ಸೇರಿ ಬೇರೆ ಶಬ್ದ ಹುಡುಕಿದೆವು. ತುಳುವಿನಲ್ಲಿ ಬೆನ್ನಿಗೆ ಬೆರಿ ಎನ್ನುತ್ತಾರೆ. ಬಾಲ್ ಬೇಕಾದವಳು ಹಿಂದಿನಿಂದ “ಬೆರಿ!” ಎಂದು ಕೂಗಬೇಕು, ಬಾಲ್ ಇದ್ದವಳು ತಿರುಗಿ ನೋಡದೆ ಕೊಡಬೇಕು ಎಂದು ತೀರ್ಮಾನವಾಯಿತು. ಸುಳ್ಯ ಬರುವಷ್ಟರಲ್ಲಿ ಮಕ್ಕಳು ಚಿಪ್ಸ್ ಪ್ಯಾಕೆಟನ್ನೂ ಬೆರಿ ಬೆರಿ ಎಂದು ಹಿಂದಿನ ಸೀಟಿಗೆ ದಾಟಿಸುತ್ತಿದ್ದರು. ಕಂಡಕ್ಟರ್ ನನ್ನನ್ನು ನೋಡಿ, “ಇವರಿಗೆ ಎಂತ ಆಗಿದೆ ಟೀಚರ್?” ಎಂದು ಕೇಳಿದ.

ಆ ಮೇಲೆ ದೀಕ್ಷಾ ನಿಲ್ಲಲಿಲ್ಲ. ಜಿಲ್ಲೆ ದಾಟಿ ರಾಜ್ಯಕ್ಕೆ ಆಡಿದಳು. ನಾನು ರಿಟೈರ್ ಆದ ವರ್ಷ ಅವಳು ಪಿ.ಯು.ಸಿ.ಯಲ್ಲಿದ್ದಳು, ಆಗಲೇ ಭಾರತದ ಹುಡುಗಿಯರ ತಂಡದ ಕ್ಯಾಂಪಿಗೆ ಕರೆ ಬಂತು. ಇಲ್ಲಿಯವರೆಗೆ ಲೀಲಕ್ಕ ಸುಮ್ಮನಿದ್ದವರು, ದೇಶದ ಹೆಸರು ಬಂದ ಕೂಡಲೇ “ಬೇಡ” ಎಂದರು. ಎಲ್ಲರೂ ಸಂತೋಷಪಡುವ ಹೊತ್ತಿಗೆ ಇವರಿಗೇಕೆ ಹೀಗೆ ಎಂದು ನನಗೆ ಸಿಟ್ಟೇ ಬಂತು. ಮರ್ಕಂಜಕ್ಕೆ ಹೋದೆ.

ಲೀಲಕ್ಕ ಜಗಲಿಯಲ್ಲಿ ಮಡಿಲಿಗೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹೆಣ್ಣು ಹುಡುಗಿ, ಹಲ್ಲಿಗೆ ಪೆಟ್ಟಾದರೆ ಎಂಬ ಹೆದರಿಕೆ ಇರಬೇಕು ಎಂದು ಊಹಿಸಿ, ಆಟದಲ್ಲಿ ಬಾಯಿಗೆ ಹಾಕುವ ಹಲ್ಲಿನ ಗಾರ್ಡ್ ಒಂದನ್ನು ಕೊಂಡುಹೋಗಿದ್ದೆ. ಅದನ್ನು ಅವರ ಕೈಗಿಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು.

“ಇದು ಯಾರ ಹಲ್ಲು?”

“ಯಾರದ್ದೂ ಅಲ್ಲ ಲೀಲಕ್ಕ. ಇದು ಹಾಕಿದ್ರೆ ದೀಕ್ಷಾಳ ಹಲ್ಲಿಗೆ ಎಂತದೂ ಆಗುದಿಲ್ಲ.”

“ಹಲ್ಲಿನ ವಿಷಯ ಅಲ್ಲ ಟೀಚರ್.” ಅವರು ಅದನ್ನು ಬೀಡಿ ಎಲೆಯ ಪಕ್ಕ ಜೋಪಾನವಾಗಿ ಇಟ್ಟರು. “ನನ್ನ ತಮ್ಮ ಕಬಡ್ಡಿ ಆಡ್ತಿದ್ದ, ನಿಮಗೆ ಗೊತ್ತುಂಟಲ್ಲ. ಒಂದು ಸರ್ತಿ ಮಂಡೆಕೋಲಿನ ಒಬ್ರನ್ನು ಹಿಡಿದು ಬೀಳಿಸಿದ. ಅವರ ಭುಜ ಜಾರಿತು. ಅವರು ಬೇರೆ ಯಾರೂ ಅಲ್ಲ, ನನ್ನ ಚಿಕ್ಕಮ್ಮನ ಮಗಳ ಗಂಡ. ಆಟದಲ್ಲಿ ಆದದ್ದು, ಬೇಕೂಂತ ಮಾಡಿದ್ದಲ್ಲ. ಆದ್ರೂ ಅವತ್ತಿಂದ ಎರಡು ಮನೆಗೂ ಮಾತಿಲ್ಲ. ಅವರ ಮದುವೆಗೆ ನಮಗೆ ಹೇಳಿಕೆ ಇಲ್ಲ, ನಮ್ಮದಕ್ಕೆ ಅವರಿಗಿಲ್ಲ. ನಾನೂ ಆ ಚಿಕ್ಕಮ್ಮನ ಮಗಳೂ ಒಂದೇ ತಟ್ಟೆಯಲ್ಲಿ ಉಂಡು ದೊಡ್ಡವರಾದದ್ದು ಟೀಚರ್.”

ನಾನು ಚಾ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಟ್ಟೆ.

“ಊರಲ್ಲಿ ಒಬ್ರನ್ನು ಬೀಳಿಸಿದ್ದಕ್ಕೆ ಹೀಗೆ. ಇವಳು ದೇಶ ದೇಶದವರನ್ನು ಬೀಳಿಸಿ ಬಂದ್ರೆ ಇನ್ನೆಷ್ಟು ಮನೆಯ ಮಾತು ಬಿಡ್ಬೇಕು?”

ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ಅವರ ಕಣ್ಣು ತುಂಬಿತ್ತು. ಹಾಗೆಲ್ಲ ಆಗುವುದಿಲ್ಲ ಎಂದೆ, ಇದು ದೊಡ್ಡ ಮಟ್ಟದ ಆಟ ಎಂದೆ, ಅದು ಇದು ಎಂದೆ. ಚಾ ತಣ್ಣಗಾಯಿತು, ಇನ್ನೊಂದು ಲೋಟ ಬಂತು, ಅದೂ ತಣ್ಣಗಾಯಿತು. ಕೊನೆಗೆ ಲೀಲಕ್ಕ, “ಈ ಸರ್ತಿ ಒಮ್ಮೆ ಹೋಗ್ಲಿ. ಒಂದು ಆಟ ನಾನು ಕಣ್ಣಾರೆ ನೋಡ್ತೇನೆ. ಅವಳು ಇನ್ನು ಮುಂದೆ ಆಡುದಾ ಬೇಡ್ವಾ, ನೋಡಿದ ಮೇಲೆ ಹೇಳ್ತೇನೆ” ಎಂದರು. ದೀಕ್ಷಾ ಒಳಗೆ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಕ್ಯಾಂಪಿನಿಂದ ಅವಳ ಫೋನು ಬರುತ್ತಿತ್ತು. ತಂಡದಲ್ಲಿ ಒಡಿಶಾದವರು, ಬಿಹಾರದವರು, ಮಹಾರಾಷ್ಟ್ರದವರು. ಇವಳಿಗೆ ಹಿಂದಿ ಅಷ್ಟಕ್ಕಷ್ಟೆ. ಓಡುವಾಗ ಬಾಯಿಗೆ ಬಂದದ್ದು “ಬೆರಿ!” ಒಂದೇ. ಅದೇ ಎಲ್ಲರಿಗೂ ಹಿಡಿಯಿತು, ಎದುರಿನ ದೇಶದವರಿಗೆ ತಲೆಬುಡ ತಿಳಿಯುವುದಿಲ್ಲ ನೋಡಿ. ಒಡಿಶಾದ ಹುಡುಗಿ ಬೇರಿ ಎನ್ನುತ್ತಾಳೆ, ಬಿಹಾರದವಳು ಬೆರ್ರಿ ಎನ್ನುತ್ತಾಳೆ. ಕೋಚ್ ಎರಡು ದಿನ ಕೇಳಿ, ಇವರಿಗೆಲ್ಲ ಯಾವುದೋ ಹಣ್ಣು ಬೇಕಾಗಿದೆ ಎಂದುಕೊಂಡು ಊಟದ ಮೇಲ್ವಿಚಾರಕರಿಗೆ ಹೇಳಿದರಂತೆ. ಮರುದಿನ ಎಲ್ಲರ ತಟ್ಟೆಗೂ ಸ್ಟ್ರಾಬೆರಿ ಬಂತು.

ಟೂರ್ನಿಯ ಬಗ್ಗೆ ಉದ್ದ ಹೇಳುವುದಿಲ್ಲ. ದೊಡ್ಡ ತಂಡಗಳ ಎದುರು ನಮ್ಮವರು ಚೆನ್ನಾಗಿಯೇ ಪೆಟ್ಟು ತಿಂದರು. ಉಳಿದದ್ದು ಒಂದು ಪಂದ್ಯ, ನಮ್ಮ ಹಾಗೆಯೇ ಮೇಲೆ ಬರಲು ಒದ್ದಾಡುತ್ತಿರುವ ಇನ್ನೊಂದು ದೇಶದೊಟ್ಟಿಗೆ. ಆ ದೇಶದ ಹೆಸರು ಬೇಡ. ಅಲ್ಲಿಯೂ ಒಬ್ಬಳು ರಿಟೈರ್ ಆದ ಪಿ.ಟಿ. ಟೀಚರ್ ಇದನ್ನೆಲ್ಲ ಬರೆಯುತ್ತಿರಬಹುದು.

ಪಂದ್ಯವನ್ನು ಲೀಲಕ್ಕನ ಜಗಲಿಯಲ್ಲೇ ನೋಡಿದೆವು. ಅಕ್ಕಿಯ ಡಬ್ಬಕ್ಕೆ ಒರಗಿಸಿಟ್ಟ ಒಂದು ಫೋನು, ಅದರ ಮುಂದೆ ಅರ್ಧ ಊರು. ಕಬಡ್ಡಿ ಬಿಟ್ಟರೆ ಬೇರೆ ಗೊತ್ತಿಲ್ಲದ ಜನ. ನಮ್ಮ ಹುಡುಗಿಯರು ಯಾರನ್ನು ಬೀಳಿಸಿದರೂ “ಒಂದು ಪಾಯಿಂಟ್!” ಎಂದು ಬೊಬ್ಬೆ. ಅವರ ಲೆಕ್ಕದಲ್ಲಿ ಭಾರತ ಅರ್ಧ ಆಟಕ್ಕೇ ಗೆದ್ದು ಮುಗಿದಿತ್ತು, ಸ್ಕ್ರೀನಿನಲ್ಲಿ ಬೇರೆ ಸಂಖ್ಯೆ ತೋರಿಸುವವರ ಮೇಲೆ ಎಲ್ಲರಿಗೂ ಕೋಪ. ಲೀಲಕ್ಕ ಮಾತ್ರ ಬೀಡಿ ಕಟ್ಟುತ್ತಾ, ಓರೆಗಣ್ಣಿನಲ್ಲಿ ನೋಡುತ್ತಾ ಕೂತಿದ್ದರು.

ಕೊನೆಯ ಗಳಿಗೆ. ನಿಜವಾದ ಲೆಕ್ಕದಲ್ಲಿಯೂ ನಾವು ಕೂದಲೆಳೆಯಷ್ಟು ಮುಂದಿದ್ದೆವು. ಎದುರಿನ ತಂಡದ ಎಲ್ಲರಿಗಿಂತ ಚುರುಕಿನ ಹುಡುಗಿ ಬಾಲ್ ಹಿಡಿದು ಹೊರಟಳು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಮುಂದೆ ಉಳಿದದ್ದು ದೀಕ್ಷಾ ಒಬ್ಬಳೇ. ಅವಳೂ ಎರಡು ಮಾರು ದೂರ. ದೀಕ್ಷಾ ಮೈಚಾಚಿ ಹಾರಿದಳು. ಅಷ್ಟರಲ್ಲಿ ಫೋನಿನ ಮಧ್ಯದಲ್ಲಿ ಚಕ್ರ ತಿರುಗಲು ಶುರುವಾಯಿತು.

ದೀಕ್ಷಾ ಗಾಳಿಯಲ್ಲೇ ನಿಂತಳು. ಒಬ್ಬ ಫೋನನ್ನು ಎತ್ತಿ ಕುಲುಕಿದ, ಇನ್ನೊಬ್ಬ ಅವನಿಗೆ ಬೈದ. “ಅಂಗಳಕ್ಕೆ ತನ್ನಿ ಮಾರಾಯ್ರೆ, ಸಿಗ್ನಲ್ ಅಲ್ಲಿ ಉಂಟು!” ಅರ್ಧ ಊರು ಒಟ್ಟಿಗೆ ಎದ್ದು ಅಂಗಳಕ್ಕೆ ಇಳಿಯಿತು. ಅಂಗಳದ ತುದಿಯಲ್ಲಿ ಚಿತ್ರ ಬಂತು. ಎದುರಿನ ಹುಡುಗಿ ಗೆರೆಗೆ ಒಂದು ಗೇಣು ಈಚೆ ಬಿದ್ದಿದ್ದಳು, ಬಾಲ್ ಅವಳ ಕೈಯಿಂದ ಜಾರಿ ಹೊರಗೆ ಉರುಳಿತ್ತು. ದೀಕ್ಷಾ ಅವಳ ಕಾಲು ಬಿಟ್ಟು ಏಳುತ್ತಿದ್ದಳು. ರೆಫ್ರಿಯ ವಿಸಿಲ್ ಕೇಳಿತು.

ಭಾರತ ಗೆದ್ದಿತ್ತು. ಅಂಗಳದಲ್ಲಿ ಕುಣಿತ, ಕೇಕೆ, ಯಾರೋ ನನ್ನನ್ನು ಎತ್ತಲು ನೋಡಿ ಸೊಂಟ ಹಿಡಿದುಕೊಂಡ. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ತಿರುಗಿ ನೋಡಿದರೆ ಲೀಲಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಹತ್ತಿರ ತಂದಿದ್ದರು.

“ಟೀಚರ್, ಆ ಹುಡುಗಿ ಯಾಕೆ ಏಳ್ಲಿಲ್ಲ?”

ಕುಣಿಯುವವರಿಗೆ ಅದು ಕೇಳಲಿಲ್ಲ. ಅಷ್ಟರಲ್ಲಿ ಪ್ರಸಾರ ಮುಗಿದು ಜಾಹೀರಾತು ಬಂತು. ಜನ ಕರಗಿದರು. ನಾನು ಹೋಗಲಿಲ್ಲ. ಲೀಲಕ್ಕ ಒಳಗೆ ಹೋಗಿ ಒಲೆ ಹಚ್ಚಿದರು. ಗೆದ್ದ ದಿನವೇ ದೀಕ್ಷಾಳ ಆಟ ಮುಗಿಯಿತು ಎಂದು ನನಗೆ ಖಾತ್ರಿಯಾಗಿತ್ತು.

ಸಂಜೆ ದೀಕ್ಷಾಳ ವಿಡಿಯೋ ಕಾಲ್ ಬಂತು. ಹಿಂದೆ ದೊಡ್ಡ ಊಟದ ಹಾಲ್, ಪಾತ್ರೆಗಳ ಸದ್ದು. ಲೀಲಕ್ಕ ಗೆದ್ದದ್ದರ ಸುದ್ದಿಯೇ ಎತ್ತಲಿಲ್ಲ.

“ಆ ಹುಡುಗಿಗೆ ಎಂತಾಯ್ತು ದೀಕ್ಷಾ? ಪೆಟ್ಟಾಯ್ತಾ?”

“ಯಾರಿಗಮ್ಮ? ಇವಳಿಗಾ?” ದೀಕ್ಷಾ ಫೋನನ್ನು ಪಕ್ಕಕ್ಕೆ ತಿರುಗಿಸಿದಳು. ಮೊಣಕಾಲಿಗೆ ಐಸಿನ ಚೀಲ ಕಟ್ಟಿಕೊಂಡ ಆ ಹುಡುಗಿ ಬಾಯಿ ತುಂಬ ಅನ್ನ ಇಟ್ಟುಕೊಂಡು ಕೈ ಬೀಸಿದಳು. “ಸ್ವಲ್ಪ ತರಚಿದೆ ಅಷ್ಟೆ. ಇಲ್ಲಿ ಆಟ ಆದ ಮೇಲೆ ಎರಡು ತಂಡದವರೂ ಒಟ್ಟಿಗೇ ಉಣ್ಣುದು. ಅವಳ ಹಪ್ಪಳ ನಾನು ತಿಂದೆ, ನನ್ನ ಸ್ವೀಟ್ ಅವಳು ತಿಂದ್ಲು.”

ಲೀಲಕ್ಕ ಆ ಪರದೇಶದ ಹುಡುಗಿಗೆ, ಅವಳಿಗೆ ತಿಳಿಯುತ್ತದೋ ಇಲ್ಲವೋ ಎಂದು ಯೋಚಿಸದೆ, ಎಣ್ಣೆ ಬಿಸಿ ಮಾಡಿ ಹಚ್ಚಬೇಕು, ಬಿಗಿಯಾಗಿ ಕಟ್ಟಬಾರದು ಎಂದು ತುಳುವಿನಲ್ಲಿ ವಿವರವಾಗಿ ಹೇಳಿದರು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಫೋನ್ ಇಟ್ಟ ಮೇಲೆ ಲೀಲಕ್ಕ ಚದುರಿದ್ದ ಬೀಡಿ ಎಲೆಗಳನ್ನು ಗೆರಸೆಗೆ ತುಂಬಿದರು.

“ಟೀಚರ್.”

“ಹೇಳಿ ಲೀಲಕ್ಕ.”

“ಅವಳು ಆಡ್ಲಿ.” ಸೆರಗಿನಿಂದ ಮುಖ ಒರೆಸಿಕೊಂಡರು. “ನಾಳೆ ನಿಮಗೆ ಪುರುಸೊತ್ತು ಉಂಟಾ? ನನ್ನೊಟ್ಟಿಗೆ ಮಂಡೆಕೋಲಿಗೆ, ಆ ಚಿಕ್ಕಮ್ಮನ ಮಗಳ ಮನೆಗೆ ಒಮ್ಮೆ ಬರ್ತೀರಾ? ನಾನೊಬ್ಬಳೇ ಹೋದ್ರೆ ಅಂಗಳದಿಂದಲೇ ವಾಪಸ್ ಬಂದುಬಿಟ್ಟೇನು.”